ಠಾಣೆಯಲ್ಲಿ ಉಳಿದವರು ಯಾರು?

2025ರ ಫೆಬ್ರುವರಿ 10ರಂದು ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮೂರು ದಿನಗಳ ಕುಂಭಮೇಳ ಶುರುವಾಯಿತು. ಅದೇ ರಾತ್ರಿ ಮೈಸೂರಿನಲ್ಲಿ, ಸಾಮಾಜಿಕ ಜಾಲತಾಣದ ಒಂದು ಪೋಸ್ಟ್ ನೆಪವಾಗಿ ಉದಯಗಿರಿ ಠಾಣೆಯ ಮೇಲೆ ಕಲ್ಲು ಬಿದ್ದವು, ಪೊಲೀಸರು ಗಾಯಗೊಂಡರು. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಗಂಟೆಯ ದಾರಿ. ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೀಸಲು ಪಡೆಯ ತುಕಡಿಗಳನ್ನು ಹಂಚಬೇಕಾದವರಿಗೆ ಇಂಥ ರಾತ್ರಿ ಎಷ್ಟು ಕಠಿಣವೆಂದು ಊಹಿಸಬಹುದು.

ಕುಂಭಮೇಳ, ನಂಜನಗೂಡಿನ ದೊಡ್ಡ ಜಾತ್ರೆ, ಮೈಸೂರು ದಸರಾ ಎಲ್ಲವೂ ತಾರೀಖು ಹೇಳಿಯೇ ಬರುತ್ತವೆ. ಅವಕ್ಕೆ ತಿಂಗಳ ಮೊದಲೇ ಸಭೆ ಸೇರಿ, ಹೊರ ಜಿಲ್ಲೆಗಳಿಂದ ಸಿಬ್ಬಂದಿ ಕರೆಸಬಹುದು. ಗಲಭೆ ಹಾಗೆ ಬರುವುದಿಲ್ಲ. 2023ರ ಜುಲೈನಲ್ಲಿ ತಿ. ನರಸೀಪುರದ ಹನುಮ ಜಯಂತಿ ಮೆರವಣಿಗೆಯಲ್ಲಿ ಹುಟ್ಟಿದ ಜಗಳ ಮಾರನೆಯ ದಿನ ಒಬ್ಬ ಯುವಕನ ಕೊಲೆಗೆ ತಿರುಗಿ, ಪಟ್ಟಣವೇ ಉದ್ವಿಗ್ನವಾಯಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ನಂಜನಗೂಡಿನ ಅಂಧಕಾಸುರ ಸಂಹಾರ ಆಚರಣೆಯ ವೇಳೆ ಎರಡು ಗುಂಪುಗಳು ಎದುರುಬದುರಾದವು. ಇದೇ ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ ಮೂವರು ದಲಿತರ ಹತ್ಯೆಯಾದದ್ದನ್ನು ಇಲ್ಲಿನ ಹಿರಿಯರು ಮರೆತಿಲ್ಲ.

ಇಂಥ ಗಳಿಗೆಯಲ್ಲಿ ಮೈಸೂರಿನಿಂದ ಕೆಎಸ್‌ಆರ್‌ಪಿ ಮೀಸಲು ಪಡೆಯ ವ್ಯಾನ್ ಬರುವ ತನಕ ಎದುರಿಗೆ ನಿಲ್ಲುವವರು ಸ್ಥಳೀಯ ಠಾಣೆಯವರೇ. ಅವರ ಕೈಗೆ ಸರಿಯಾದ ಹೆಲ್ಮೆಟ್, ಗುರಾಣಿ, ಹೊರಡಲು ಸಿದ್ಧವಿರುವ ವಾಹನ ಇರಬೇಕು. ಇದನ್ನು ಖರ್ಚು ಎಂದು ನೋಡಬಾರದು. ಮೈಗೆ ರಕ್ಷಣೆ ಇಲ್ಲದ ಪೊಲೀಸ್ ಬೇಗ ಹೆದರುತ್ತಾನೆ, ಹೆದರಿದವನ ಲಾಠಿ ದಾರಿಹೋಕರನ್ನೂ ಬಿಡುವುದಿಲ್ಲ.

ಆದರೆ ಸಲಕರಣೆಗಿಂತ ನನ್ನನ್ನು ಹೆಚ್ಚು ಕಾಡುವುದು ಪಿಎಸ್‌ಐಗಳ, ಅಂದರೆ ಸಬ್ ಇನ್‌ಸ್ಪೆಕ್ಟರ್‌ಗಳ, ಕೊರತೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ, ಅಕ್ರಮ ಕೂಟಕ್ಕೆ ಚದುರುವಂತೆ ಆಜ್ಞೆ ಮಾಡುವ ಅಧಿಕಾರ ಇರುವುದು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮತ್ತು ಠಾಣಾಧಿಕಾರಿಗೆ. ಠಾಣಾಧಿಕಾರಿ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು ಮಾತ್ರ ಆ ಆಜ್ಞೆ ಮಾಡಬಹುದು. ಈ ಹುದ್ದೆಯನ್ನೇ ನಾವು ಹೇಗೆ ನಡೆಸಿಕೊಂಡೆವು? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆಯ್ಕೆ, ತರಬೇತಿ ಎಲ್ಲವೂ ಅದಾದ ಮೇಲೆ. ಓಎಂಆರ್ ಹಾಳೆ ತಿದ್ದಿ ದುಡ್ಡು ಮಾಡಿದವರು ಪ್ರಾಮಾಣಿಕ ಅಭ್ಯರ್ಥಿಗಳಿಗೆ ಮಾಡಿದ ಅನ್ಯಾಯ ಎಲ್ಲರಿಗೂ ಕಂಡಿತು. ಅಷ್ಟು ವರ್ಷ ಆ ಅಧಿಕಾರಿಗಳಿಲ್ಲದೆ ದಿನ ದೂಡಿದ ಠಾಣೆಗಳ ಕಷ್ಟ ಯಾರ ಕಣ್ಣಿಗೂ ಬೀಳಲಿಲ್ಲ.

ಇದ್ದವರನ್ನಾದರೂ ಅವರವರ ಬೀಟ್‌ನಲ್ಲಿ ಬಿಡುತ್ತೇವೆಯೇ? ಸಮನ್ಸ್ ಜಾರಿ, ಕೋರ್ಟ್ ಕೆಲಸ, ತನಿಖೆ, ಗಣ್ಯರ ಭೇಟಿ ಎಲ್ಲಕ್ಕೂ ಅವರೇ. ತನಿಖೆ ಮತ್ತು ಕಾನೂನು ಸುವ್ಯವಸ್ಥೆಯ ಹೊಣೆ ಬೇರೆ ಬೇರೆಯಾಗಲಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಯಾವ ಬೀದಿಯಲ್ಲಿ ಯಾವ ಮಾತಿಗೆ ಕಿಡಿ ಹತ್ತುತ್ತದೆ, ಯಾವ ಯಜಮಾನರು ಹೇಳಿದರೆ ಹುಡುಗರು ಮನೆಗೆ ಹೋಗುತ್ತಾರೆ ಎಂಬುದು ಬೀಟ್ ಕಾನ್‌ಸ್ಟೆಬಲ್‌ಗೆ ಗೊತ್ತು. ಹೊರಗಿನಿಂದ ಬಂದ ತುಕಡಿ ಎಷ್ಟೇ ದೊಡ್ಡದಿರಲಿ, ಅದಕ್ಕೆ ಇದು ತಿಳಿಯದು. ಸಂಜೆಯ ಜಗಳಕ್ಕೂ ಮರುದಿನದ ರಕ್ತಕ್ಕೂ ನಡುವೆ ಸಿಗುವ ಸಮಯದಲ್ಲಿ ಬೇಕಾಗುವುದು ಆ ತಿಳಿವಳಿಕೆಯೇ.

ಜಾತ್ರೆ, ದಸರಾಕ್ಕೆ ಹೊರಡಿಸುವ ಬಂದೋಬಸ್ತ್ ಆದೇಶದಲ್ಲಿ ಠಾಣೆಗಳಿಂದ ಹೋಗುವವರ ಹೆಸರಿರುತ್ತದೆ. ಅದರ ಪಕ್ಕದಲ್ಲೇ ಉಳಿಯುವವರ ಹೆಸರೂ ಇರಲಿ: ಈ ಭಾಗದ ಹುಲ್ಲಹಳ್ಳಿ, ಕವಲಂದೆ, ಬನ್ನೂರು, ತಲಕಾಡು ಠಾಣೆಗಳಲ್ಲಿ ಆ ರಾತ್ರಿ ಆಜ್ಞೆ ಮಾಡಬಲ್ಲ ಅಧಿಕಾರಿ ಯಾರು, ಬೀಟ್ ಬಲ್ಲವರು ಎಷ್ಟು ಜನ, ವಾಹನ ಯಾವುದು. ಆ ಜಾಗ ಖಾಲಿ ಬಿಟ್ಟ ಆದೇಶಕ್ಕೆ ಎಸ್‌ಪಿ ಸಹಿ ಹಾಕಬಾರದು. ಮುಂದಿನ ದಸರೆಗೇ ಇದು ಜಾರಿಯಾಗಬಹುದು.