ಕೆರೆಯಂಚಿನ ಮನೆ
ನಿವೃತ್ತಿಯಾದ ಮೇಲೆ ಸಖರಾಯಪಟ್ಟಣದ ಅಯ್ಯನಕೆರೆಯ ಹತ್ತಿರ ಒಂದು ಸಣ್ಣ ಮನೆ ಕಟ್ಟಿಕೊಂಡು ಇದ್ದುಬಿಡಬೇಕೆಂಬುದು ನನ್ನ ಬಹಳ ದಿನದ ಆಸೆ. ಪಕ್ಕದಲ್ಲಿ ಶಕುನಗಿರಿ, ಮುಂದೆ ನೀರು. ಹೋದ ಬೇಸಿಗೆ ಪುಣೆಯಿಂದ ಹೋಗಿ ಜಾಗ ನೋಡಿದೆವು. ರಸ್ತೆ, ಕರೆಂಟು, ಆಸ್ಪತ್ರೆ ಎಲ್ಲ ವಿಚಾರಿಸಿ ಕೊನೆಗೆ ನನ್ನ ಹೆಂಡತಿ, "ಅಕ್ಕಪಕ್ಕದವರು ಹೇಗೆ?" ಅಂದಳು. ಏರಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು, "ನೀವು ಇಲ್ಲೇ ಇರೋರೋ, ಬಂದು ಹೋಗೋರೋ?" ಎಂದರು.

ಪುಣೆಯ ಫ್ಲ್ಯಾಟಿನಲ್ಲಿ 11 ವರ್ಷದಿಂದ ಇದ್ದೇನೆ. ಎದುರು ಮನೆಯ ಅಜ್ಜ ತೀರಿಕೊಂಡದ್ದು ನನಗೆ ಗೊತ್ತಾದದ್ದು ಸೊಸೈಟಿಯ ವಾಟ್ಸಾಪ್ ಗುಂಪಿನಿಂದ. ಹತ್ತು ಹೆಜ್ಜೆ ದೂರದಲ್ಲಿ ಮೀಟಿಂಗಿನಲ್ಲಿದ್ದೆ. ಕೈಮುಗಿದ ಚಿತ್ರವೊಂದನ್ನು ಕಳಿಸಿ ಮೀಟಿಂಗ್ ಮುಂದುವರಿಸಿದೆ.

ಹಳೆಯ ಕೆರೆಯೂರುಗಳಲ್ಲಿ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಹೂಳೆತ್ತಲು ಜನ ಕೂಡಬೇಕಿತ್ತು. ಮಾತು ಬಿಟ್ಟವರೂ ಒಂದೇ ಕಾಲುವೆಯ ನೀರಿಗೆ ಕಾಯಬೇಕಿತ್ತು. (ಅದರೊಳಗೆ ಜಾತಿಯ ಲೆಕ್ಕವೂ ಇತ್ತು, ಅದನ್ನು ಮರೆತು ಹಳ್ಳಿಯನ್ನು ಹೊಗಳಲಾರೆ.) ಸ್ನೇಹ ಹುಟ್ಟಿದರೆ ಆ ಕೆಲಸದ ನಡುವೆ ಹುಟ್ಟಬೇಕು. ನನಗೋ ಆ ಕೆರೆ ಕಿಟಕಿಯಾಚೆಯ ನೋಟ. ದುಡಿಯುವ ವರ್ಷಗಳನ್ನೆಲ್ಲ ಬೇರೆ ಊರಿಗೆ ಕೊಟ್ಟು, ಮಂಡಿ ನೋಯುವ ಹೊತ್ತಿಗೆ ಬಂದು, ಕಷ್ಟಕ್ಕಾಗುವ ನೆರೆಯವರು ಬೇಕೆನ್ನುವುದು ನ್ಯಾಯವೇ?

ಜಾಗಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲ. ಮೊನ್ನೆ ಭಾನುವಾರ ಎದುರು ಮನೆಯ ಬೆಲ್ ಒತ್ತಿದೆ. ಅಜ್ಜಿ ಅರ್ಧ ಬಾಗಿಲು ತೆಗೆದು, ನಿಮ್ಮ ಪಾರ್ಸೆಲ್ ಏನೂ ಇಲ್ಲಿಗೆ ಬಂದಿಲ್ಲವಲ್ಲ ಎಂದು ಮರಾಠಿಯಲ್ಲಿ ಹೇಳಿದರು.