ಯಾರ ತಟ್ಟೆಗೆ ಮೊದಲು?



ನಿಮ್ಮೂರಿನ ಗ್ರಾಮಸಭೆಯಲ್ಲಿ ಆರೋಗ್ಯಕ್ಕೆಂದು ಒಂದಿಷ್ಟು ಹಣ ತೆಗೆದಿರಿಸಿದ್ದಾರೆ ಎಂದುಕೊಳ್ಳಿ. ಒಬ್ಬರು ಎದ್ದು, ಅಂಗನವಾಡಿ ಮಕ್ಕಳು ಸೊರಗಿವೆ, ಅವರಿಗೆ ಖರ್ಚು ಮಾಡಿರಿ ಎನ್ನುತ್ತಾರೆ. ಇನ್ನೊಬ್ಬರು, ಮನೆಮನೆಯಲ್ಲೂ ಬೊಜ್ಜು, ಶುಗರ್, ಬಿ.ಪಿ. ಹೆಚ್ಚುತ್ತಿದೆ, ಅದಕ್ಕೂ ಏನಾದರೂ ಮಾಡಬೇಕು ಎನ್ನುತ್ತಾರೆ. ಆಗ ಹಿಂದಿನಿಂದ ಒಂದು ಮಾತು ಬರುತ್ತದೆ: “ದಪ್ಪ ಆದಾವ್ರು ಬಾಯಿ ಕಟ್ಲಿ. ಅದಕ್ಯಾಕ ಸರಕಾರದ ರೊಕ್ಕ?” ಸಭೆ ನಗುತ್ತದೆ. ವಿಷಯ ಅಲ್ಲಿಗೇ ಮುಗಿಯುತ್ತದೆ.

ಆ ಮಾತು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಹಸಿದವನಿಗೆ ಮೊದಲು, ಉಂಡವನಿಗೆ ಆಮೇಲೆ. ಇದನ್ನು ಯಾರು ಅಲ್ಲಗಳೆದಾರು? ಆದರೆ ಹಸಿದವರು ಒಂದು ಓಣಿಯಲ್ಲಿ, ಬೊಜ್ಜು ಬಂದವರು ಇನ್ನೊಂದು ಓಣಿಯಲ್ಲಿ ಇದ್ದಾರೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ. 17ರಷ್ಟು ಮಂದಿ ತೀರಾ ತೆಳ್ಳಗಿದ್ದರು, ಶೇ. 30ರಷ್ಟು ಮಂದಿಗೆ ತೂಕ ಹೆಚ್ಚಾಗಿತ್ತು. ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇತ್ತು. ತೂಕ ಹೆಚ್ಚಿದ್ದು ರಕ್ತ ಕಡಿಮೆ ಇರುವ ತಾಯಿ, ಆಕೆಯ ಮಡಿಲಲ್ಲಿ ಸೊರಗಿದ ಕೂಸು: ಒಂದೇ ಒಲೆಯ ಮುಂದೆ ಇಬ್ಬರೂ ಇರಬಹುದು.

ಇವೆರಡಕ್ಕೂ ಇರುವ ನಂಟನ್ನು ನಮ್ಮ ರಾಜ್ಯದ್ದೇ ಒಂದು ಮಿಷನ್ ಆಸ್ಪತ್ರೆ ತೋರಿಸಿಕೊಟ್ಟಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟಿದ್ದರು. ಆ ಶಿಶುಗಳು ಬೆಳೆದು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು ಎಂಬ ಸಂಗತಿ 1996ರಲ್ಲಿ ಪ್ರಕಟವಾಯಿತು. ಎಂದರೆ ಇಂದು ಬಸುರಿಯ ತಟ್ಟೆಯಲ್ಲಿ ಕಡಿಮೆಯಾದದ್ದು ಐವತ್ತು ವರ್ಷಗಳ ನಂತರ ಮಗನ ಎದೆನೋವಾಗಿ ಬರಬಹುದು. ಗರ್ಭಿಣಿಗೆ ಕೊಡುವ ಮೊಟ್ಟೆ, ಕಾಳು, ಸೊಪ್ಪು ಹಸಿವಿಗೂ ಮದ್ದು, ಮುಂದಿನ ಕಾಯಿಲೆಗೂ ತಡೆ.

“ಆದರೂ ಹೊಟ್ಟೆಬಾಕತನ ಪಾಪವಲ್ಲವೇ?” ಎಂದು ನೀವು ಕೇಳಬಹುದು. ಹೌದು, ಏಳು ಪ್ರಧಾನ ಪಾಪಗಳಲ್ಲಿ ಅದೂ ಒಂದು. ಆದರೆ ಪಾಪವಿರುವುದು ಮನಸ್ಸಿನ ಆಯ್ಕೆಯಲ್ಲಿ, ಸೊಂಟದ ಸುತ್ತಳತೆಯಲ್ಲಲ್ಲ. ತೆಳ್ಳಗಿರುವ ಹೊಟ್ಟೆಬಾಕರೂ ಇದ್ದಾರೆ, ಮಿತವಾಗಿ ಉಂಡರೂ ದಪ್ಪವಾದವರೂ ಇದ್ದಾರೆ. ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಗುರೆಳ್ಳು ಚಟ್ನಿ ನಮ್ಮ ಸೀಮೆಯ ಊಟ. ಮಲಪ್ರಭೆಯ ನೀರು ಹರಿದಲ್ಲಿ ಕಬ್ಬು ಬಂತು. ದಿನವಿಡೀ ಕೂಲಿ ಮಾಡಿ ಬಂದವಳಿಗೆ ರೊಟ್ಟಿ ಬಡಿಯಲು ಕಸುವೆಲ್ಲಿ? ಅನ್ನಕ್ಕಿಟ್ಟು, ಸಕ್ಕರೆ ಸುರಿದ ಚಹಾ ಕುಡಿದು, ಅಳುವ ಮಗುವಿನ ಕೈಗೆ ಐದು ರೂಪಾಯಿಯ ಪೊಟ್ಟಣ ಕೊಡುತ್ತಾಳೆ. ಆಯ್ಕೆ ಎಷ್ಟು ಕಿರಿದೋ ತಪ್ಪೂ ಅಷ್ಟೇ ಕಿರಿದು. ಆಯ್ಕೆಯನ್ನು ಹಿರಿದು ಮಾಡುವುದೇ ಸಾರ್ವಜನಿಕ ಹಣದ ಕೆಲಸ. ಜನರ ಪೌಷ್ಟಿಕತೆಯ ಮಟ್ಟವನ್ನು ಏರಿಸುವುದು ಸರ್ಕಾರದ ಕರ್ತವ್ಯವೆಂದು ನಮ್ಮ ಸಂವಿಧಾನದ 47ನೇ ವಿಧಿಯೂ ಹೇಳುತ್ತದೆ.

ಹಾಗಾದರೆ ಎಲ್ಲರಿಗೂ ಸಮನಾಗಿ ಹಂಚಿಬಿಡೋಣವೇ? ಕುಸ್ತಿಪಟು ಮಿಲೋನಿಗೆ ಸಾಲದ ಊಟ ಆಗತಾನೇ ಗರಡಿಗೆ ಬಂದವನಿಗೆ ವಿಪರೀತವಾಗುತ್ತದೆ ಎಂದು ತತ್ವಜ್ಞಾನಿ ಅರಿಸ್ಟಾಟಲನು ತೋರಿಸಿದ್ದಾನೆ. ತಟ್ಟೆಗೆ ಹೇಗೋ ಹಣಕ್ಕೂ ಹಾಗೆಯೇ. ಮಳೆ ಹೆಚ್ಚಿರುವ ಕಿತ್ತೂರು, ಒಣಬೇಸಾಯದ ರಾಮದುರ್ಗ, ನವಿಲುತೀರ್ಥ ಜಲಾಶಯದ ಸವದತ್ತಿ, ಪೇಟೆ ಬೆಳೆದ ಬೈಲಹೊಂಗಲ ಇವು ನಾಲ್ಕಕ್ಕೂ ಒಂದೇ ಅಳತೆಯ ಯೋಜನೆ ಹೊಂದೀತೇ? ಮಗ್ಗದ ಮುಂದೆ ಕುಳಿತೇ ದುಡಿಯುವವನ ಅಗತ್ಯ ಬೇರೆ, ಕಬ್ಬು ಕಡಿಯುವವನ ಅಗತ್ಯ ಬೇರೆ. ಐದು ಸಾವಿರ ಜನರಿಗೆ ಉಣಬಡಿಸುವ ಮೊದಲು ಪ್ರಭು ಯೇಸು ಶಿಷ್ಯರಿಗೆ ಇರುವ ರೊಟ್ಟಿಗಳನ್ನು ನೋಡಿ ಬರಲು ಹೇಳಿದರಲ್ಲವೇ? ಪ್ರೀತಿಗೂ ಲೆಕ್ಕ ಬೇಕು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲನೆಯದಾಗಿ, ಗರ್ಭಿಣಿ ಹಾಗೂ ಎರಡು ವರ್ಷದವರೆಗಿನ ಕೂಸು. ಮಾತೃಪೂರ್ಣ ಯೋಜನೆ 2017ರಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ತಂದಿತು. ಹೊಲದ ಮನೆಯ ತುಂಬು ಗರ್ಭಿಣಿಗೆ ಆ ಊಟ ಮುಟ್ಟುವ ದಾರಿ ಯಾವುದು ಎಂದು ಗ್ರಾಮಸಭೆ ಕೇಳಬೇಕು. ಎರಡನೆಯದಾಗಿ, ಬಡವ ಬಲ್ಲಿದರೆಲ್ಲರಿಗೂ ಒದಗುವಂಥವು: ಶುದ್ಧ ನೀರು, ಶಾಲೆಯ ಕೈತೋಟ, ಆಟದ ಬಯಲು, ಹೆಣ್ಣುಮಕ್ಕಳು ಅಂಜದೆ ನಡೆದಾಡಬಹುದಾದ ದಾರಿ. ಮೂರನೆಯದಾಗಿ, ಬಿ.ಪಿ., ಶುಗರ್ ತಪಾಸಣೆ. ಅದೂ ಯಾರನ್ನೂ ನಾಚಿಸದಂತೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆರಂಭವಾದ ಮೇಲೆ ಗ್ರಾಮ ಆರೋಗ್ಯ ಸಮಿತಿಗಳಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶವಾಯಿತು. ದೊಡ್ಡ ಮೊತ್ತವಲ್ಲ. ಹಣ ಸಣ್ಣದಾದಷ್ಟೂ ಕ್ರಮ ಮುಖ್ಯ.

ಆಸ್ಪತ್ರೆ ಮಂಚದ ಮೇಲೆ ಮಲಗಿದವರ ಮುಖ ನಮಗೆ ಕಾಣುತ್ತದೆ. ಕರುಳು ಚುರುಕ್ಕೆನ್ನುತ್ತದೆ, ಕೈ ಜೇಬಿಗೆ ಹೋಗುತ್ತದೆ. ಮುಂದೆ ಕಾಯಿಲೆ ಬೀಳಬಹುದಾದವರ ಮುಖ ಇನ್ನೂ ಕಾಣುವುದಿಲ್ಲ. ಅವರಲ್ಲಿ ಕೆಲವರು ಇನ್ನೂ ಹುಟ್ಟಿಯೇ ಇಲ್ಲ. ಅವರೂ ನಮ್ಮ ನೆರೆಯವರೇ. ಮುಂದಿನ ಗ್ರಾಮಸಭೆಗೆ ಹೋಗಿರಿ. ಆ ನಗೆಯ ಮಾತು ಮತ್ತೆ ಕೇಳಿಬಂದರೆ ನಗಬೇಡಿರಿ. ಎದ್ದು ನಿಂತು, ಆ ಬಸುರಿಯ ತಟ್ಟೆಯ ಲೆಕ್ಕ ಕೇಳಿರಿ.