ಗೋವದ ವಿಷಯದಲ್ಲಿ ಹದಿನಾಲ್ಕು ವರುಷಗಳ ತಾಳ್ಮೆ

ಹೊಲದ ಬಾಂದುಕಲ್ಲನ್ನು ಕಿತ್ತು ತನ್ನ ಅನುಕೂಲಕ್ಕೆ ಸರಿಸಿ ನೆಟ್ಟ ನೆರೆಯವನ ಸಂಗಡ ಹೇಗೆ ನಡೆದುಕೊಳ್ಳಬೇಕೆಂಬದು ನಮ್ಮ ಹಳ್ಳಿಗಳಲ್ಲಿ ಹೊಸ ಪ್ರಶ್ನೆಯಲ್ಲ. ಮೊದಲು ಅವನ ಮನೆಗೆ ಹೋಗಿ ಮಾತಾಡುತ್ತೇವೆ. ಅವನು ಕೇಳದಿದ್ದರೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸುತ್ತೇವೆ. ಅವರಿಗೂ ಬಗ್ಗದಿದ್ದರೆ ಕೊಡುವದನ್ನೂ ಕೊಳ್ಳುವದನ್ನೂ ನಿಲ್ಲಿಸುತ್ತೇವೆ. ಇಷ್ಟರ ವರೆಗೆ ಮನಸ್ಸಾಕ್ಷಿಗೆ ದೊಡ್ಡ ತೊಂದರೆಯಿಲ್ಲವೆಂದು ತೋರುತ್ತದೆ. ಇದಕ್ಕೂ ಆಚೆ ಏನು ಮಾಡಬಹುದು ಎಂದು ಯಾರಾದರೂ ಕೇಳಿದರೆ ಮಾತ್ರ ನಾವು ನೆಲ ನೋಡುತ್ತೇವೆ. ಈ ಪ್ರಶ್ನೆಯು ಒಬ್ಬ ರೈತನಿಗೆ ಬರುವಂತೆಯೇ ಒಂದು ಸರಕಾರಕ್ಕೂ ಬರುವದುಂಟು. ನಮ್ಮ ನಾಡಿನ ಗಡಿಗೇ ತಗಲಿಕೊಂಡಿರುವ ಗೋವದ ವಿಷಯದಲ್ಲಿ ಅದು ಹೇಗೆ ಬಂತೆಂಬದನ್ನು ಸ್ವಲ್ಪ ವಿಚಾರಿಸೋಣ.

ಪೋರ್ತುಗೀಸರು 1510ರಲ್ಲಿ ಗೋವವನ್ನು ಹಿಡಿದರು. 1947ರಲ್ಲಿ ಇಂಗ್ಲಿಷರು ಈ ದೇಶವನ್ನು ಬಿಟ್ಟು ಹೋದರು. ಫ್ರೆಂಚರು ಪುದುಚೇರಿಯ ವಿಷಯದಲ್ಲಿ ಮಾತುಕತೆಗೆ ಒಪ್ಪಿ 1954ರ ನವೆಂಬರ 1ರಲ್ಲಿ ಅಲ್ಲಿಯ ಆಡಳಿತವನ್ನು ಒಪ್ಪಿಸಿಬಿಟ್ಟರು. ಪೋರ್ತುಗಲಿಗೋ 1950ರ ಫೆಬ್ರವರಿಯಲ್ಲಿಯೇ ಭಾರತ ಸರಕಾರವು ಪತ್ರವನ್ನು ಕೊಟ್ಟು, ಕೂತು ಮಾತಾಡೋಣ ಎಂದು ಕೇಳಿಕೊಂಡಿತ್ತು. ಅವರ ಪ್ರಧಾನಿಯಾದ ಸಾಲಜಾರನ ಉತ್ತರವು, ಇದು ಮಾತಾಡತಕ್ಕ ವಿಷಯವೇ ಅಲ್ಲ ಎಂಬದಾಗಿತ್ತು. 1951ರಲ್ಲಿ ಅವನ ಸರಕಾರವು ತನ್ನ ರಾಜ್ಯಶಾಸನವನ್ನೇ ತಿದ್ದಿ, ಗೋವವು ವಸಾಹತು ಅಲ್ಲ, ಪೋರ್ತುಗಲಿನದೇ ಒಂದು ಕಡಲಾಚೆಯ ಪ್ರಾಂತ ಎಂದು ಬರೆದಿಟ್ಟಿತು. ಬಾಂದುಕಲ್ಲನ್ನು ಸರಿಸಿದವನು ಕಲ್ಲೂ ನನ್ನದು, ಹೊಲವೂ ನನ್ನದು, ಆದದರಿಂದ ಪಂಚಾಯತಿಗೆ ವಿಷಯವೇ ಇಲ್ಲ ಎಂದರೆ ಹೇಗೋ ಹಾಗೆ. ಮಾತಾಡಲು ಒಬ್ಬನು ಸಾಲದಷ್ಟೆ. 1953ರ ಜೂನಿನಲ್ಲಿ ಭಾರತವು ಲಿಸ್ಬನ್ನಿನಲ್ಲಿದ್ದ ತನ್ನ ರಾಯಭಾರಿಯ ಕಚೇರಿಯನ್ನು ಮುಚ್ಚಿತು.

ಇನ್ನು ಒತ್ತಾಯದ ಮಾರ್ಗ. ಸರಕಾರವು ಗೋವದ ಗಡಿಯಲ್ಲಿ ವ್ಯಾಪಾರವನ್ನು ತಡೆಯಿತು, ಬೊಂಬಾಯಿಯಲ್ಲಿ ದುಡಿಯುವ ಗೋವದವರು ಮನೆಗೆ ಹಣ ಕಳುಹಿಸುವದಕ್ಕೆ ಅಡ್ಡಿಮಾಡಿತು, 1955ರಲ್ಲಿ ಕ್ಯಾಸಲ್‌ರಾಕಿನ ಘಟ್ಟದಿಂದ ಕೆಳಗಿಳಿಯುವ ರೈಲನ್ನೂ ನಿಲ್ಲಿಸಿತು. ರಕ್ತವಿಲ್ಲದ ಒತ್ತಾಯವೆಂದು ಇದನ್ನು ಅನೇಕರು ಹೊಗಳಿದರು. ನಮ್ಮ ಹಿರಿಯರಲ್ಲಿ ಕೆಲವರಾದರೂ ಬೇರೆ ವಿಧವಾಗಿ ಯೋಚಿಸಬಲ್ಲವರು. ಯಾಕಂದರೆ ಊರ ಬಾವಿಯನ್ನು ಮುಚ್ಚಿಸಿ, ಅಗಸನನ್ನೂ ಕ್ಷೌರಿಕನನ್ನೂ ನಿಲ್ಲಿಸಿ, ಅಂಗಡಿಯಲ್ಲಿ ಉಪ್ಪು ಸಿಗದ ಹಾಗೆ ಮಾಡುವದೆಂದರೇನೆಂದು ಅವರು ತಮ್ಮ ಮನೆಗಳಲ್ಲಿ ಕಂಡು ಅರಿತವರು. ಬಹಿಷ್ಕಾರವು ಯಾರ ಮೇಲೆ ಗುರಿಯಿಟ್ಟಿತೋ ಅವನಿಗೆ ಕಡೆಗೆ ತಟ್ಟುತ್ತದೆ. ಮೊದಲು ತಟ್ಟುವದು ಮನೆಯ ಮುದುಕಿಗೆ ಮತ್ತು ಕೂಸಿಗೆ. ಲಿಸ್ಬನ್ನಿನಲ್ಲಿ ಕೂತ ಸಾಲಜಾರನ ಊಟಕ್ಕೆ ಗೋವದ ಗಡಿ ಮುಚ್ಚಿದ್ದರಿಂದ ಕಡಿಮೆಯಾದದ್ದು ಏನೂ ಇರಲಿಲ್ಲ. ಪೋರ್ತುಗೀಸರು ಬೇಕಾದ ಸಾಮಾನನ್ನು ಬೇರೆ ದೇಶಗಳಿಂದ ಹಡಗಿನಲ್ಲಿ ತರಿಸಿದರು. ಅದೇ ವರುಷಗಳಲ್ಲಿ ಗೋವದ ಕಬ್ಬಿಣದ ಅದಿರು ಜಪಾನಿಗೂ ಜರ್ಮನಿಗೂ ಹೋಗಿ ಗಣಿಯ ಧಣಿಗಳಿಗೆ ಲಾಭ ಬಂತು. ಮಗನ ಮನಿ‌ಆರ್ಡರಿಗಾಗಿ ಕಾದ ತಾಯಿಗೆ ಮಾತ್ರ ನಷ್ಟ. ಮುಂದೆ ಸರಕಾರವೇ ಈ ಕಟ್ಟುಗಳನ್ನು ಸಡಲಿಸಿತು. ಅದು ಸೋಲೆಂದು ಕೆಲವರು ಹೇಳಿದರು. ನನಗೆ ಹಾಗೆ ತೋರುವದಿಲ್ಲ.

ಆದಾಗ್ಯೂ ಈ ಕಾಲದ ಒಂದು ಸಂಗತಿಯನ್ನು ಮರೆಯಕೂಡದು. 1955ರ ಆಗಸ್ಟ 15ರಲ್ಲಿ ಕೈಯಲ್ಲಿ ಆಯುಧವಿಲ್ಲದ ಸಾವಿರಾರು ಸತ್ಯಾಗ್ರಹಿಗಳು ಗಡಿಯನ್ನು ದಾಟಿದರು. ಪೋರ್ತುಗೀಸ ಪೊಲೀಸರು ಗುಂಡು ಹಾರಿಸಿದರು. 20ಕ್ಕೂ ಹೆಚ್ಚು ಮಂದಿ ಸತ್ತರು. ದೇಶದಲ್ಲೆಲ್ಲಾ ರೋಷವೆದ್ದಿತು. ಆಗ ಸೈನ್ಯವನ್ನು ಕಳುಹಿಸಿದ್ದರೆ ನೆಹರೂರವರನ್ನು ಜನರು ಹೆಗಲ ಮೇಲೆ ಹೊತ್ತು ಮೆರೆಯಿಸುತ್ತಿದ್ದರು. ಅವರು ಹಾಗೆ ಮಾಡದೆ, ಇನ್ನು ಮುಂದೆ ಸತ್ಯಾಗ್ರಹಿಗಳು ಗುಂಪಾಗಿ ಗಡಿ ದಾಟಬಾರದೆಂದು ತಮ್ಮ ಜನರನ್ನೇ ತಡೆದರು. ಅದಕ್ಕಾಗಿ ಬೈಗಳನ್ನು ತಿಂದರು. ಪರರ ಮೇಲೆ ಕೋಪವನ್ನು ತಡೆಯುವದು ಕಷ್ಟ. ತನ್ನವರ ಕೋಪವನ್ನು ತಡೆದು ಅವರಿಂದಲೇ ಹೇಡಿಯೆನಿಸಿಕೊಳ್ಳುವದು ಅದಕ್ಕಿಂತ ಕಷ್ಟ.

ಪೋರ್ತುಗೀಸರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಗೋವವು ಭಾರತಕ್ಕೆ ಸೇರಿದರೆ ಅಲ್ಲಿಯ ಕ್ರೈಸ್ತರಿಗೆ ಕೇಡು ಎಂಬದಾಗಿ. ನೆಹರೂರವರು 1955ರಲ್ಲಿ ರೋಮಿಗೆ ಹೋಗಿ ಪೋಪ್ 12ನೇ ಪಿಯುಸರನ್ನು ಕಂಡ ಮೇಲೆ, ಗೋವದ ಪ್ರಶ್ನೆಯು ರಾಜಕೀಯದ್ದು, ಧರ್ಮದ್ದಲ್ಲ ಎಂಬದಕ್ಕೆ ಪೋಪರೂ ಒಪ್ಪಿದರೆಂದು ತಿಳಿಸಿದರು. ನಮ್ಮಂಥವರಿಗೆ ಈ ಮಾತು ಬಹಳ ಬೇಕಾದದ್ದು. ಅನ್ಯರ ದೊರೆತನಕ್ಕೆ ನಮ್ಮ ನಂಬಿಕೆಯನ್ನು ಬೇಲಿಯಾಗಿ ಇಡಗೊಟ್ಟರೆ, ಬೇಲಿ ಸುಟ್ಟ ದಿನ ಸುಡುವವರು ನಾವೇ.

ತಾಳ್ಮೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಲೆಕ್ಕದ ಮತ್ತೊಂದು ಬದಿಯನ್ನೂ ನೋಡತಕ್ಕದ್ದು. ದಿಲ್ಲಿಯಲ್ಲಿ ತಾಳಿಕೊಂಡವರು ಮಂತ್ರಿಗಳು. ಆ ತಾಳ್ಮೆಯ ಬೆಲೆಯನ್ನು ಕೊಟ್ಟವರು ಆಗ್ವಾದ ಕೋಟೆಯ ಸೆರೆಮನೆಯಲ್ಲಿದ್ದ ಗೋವದವರು. ಮತ್ತೊಬ್ಬನ ಬೆನ್ನಿನ ಮೇಲೆ ಬೀಳುವ ಏಟನ್ನು ನಾನು ಶಾಂತವಾಗಿ ಸಹಿಸುತ್ತೇನೆಂದು ಹೇಳುವದು ಅಷ್ಟು ದೊಡ್ಡ ಗುಣವೋ? ಈ ಪ್ರಶ್ನೆಗೆ ನೆಹರೂರವರ ಬಳಿಯಲ್ಲಿಯೂ ಸರಿಯಾದ ಉತ್ತರವಿದ್ದಂತೆ ಕಾಣುವದಿಲ್ಲ. ಇತ್ತ ಹಿರಿಯರ ಸಭೆಯೂ ನಡೆದಿತ್ತು. ದಾದ್ರಾ ಮತ್ತು ನಗರಹವೇಲಿಗೆ ಹೋಗುವ ದಾರಿಯ ವಿಷಯದಲ್ಲಿ ಪೋರ್ತುಗಲು ಹೇಗ್ ನಗರದ ನ್ಯಾಯಾಲಯಕ್ಕೆ ಹೋಗಿತ್ತು. ಸೈನ್ಯವನ್ನು ಸಾಗಿಸುವ ಹಕ್ಕು ಅದಕ್ಕಿಲ್ಲವೆಂದು 1960ರಲ್ಲಿ ತೀರ್ಪಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಗೋವವನ್ನು ಸ್ವಂತ ಆಳ್ವಿಕೆಯಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿತು. ಸಾಲಜಾರನು ಇದಕ್ಕೂ ಕಿವಿಗೊಡಲಿಲ್ಲ.

1961ರ ನವೆಂಬರದಲ್ಲಿ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಿಂದ ಪೋರ್ತುಗೀಸ ಸಿಪಾಯಿಗಳು ಸಾಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳಲ್ಲಿ ಒಬ್ಬ ಬಡ ಮೀನುಗಾರನು ಅವರ ಗುಂಡಿಗೆ ಸತ್ತನು. ಸೈನ್ಯವು ಬೆಳಗಾವಿಯ ಸುತ್ತ ಕೂಡಿತು. ಅಮೇರಿಕದ ರಾಯಭಾರಿಯು ನೆಹರೂರವರನ್ನು ಕಂಡು ತಡೆಯಬೇಕೆಂದು ಬೇಡಿಕೊಂಡನು. ವಿಶ್ವಸಂಸ್ಥೆಯ ಊ ಥಾಂಟ್ ಎಂಬವರು ಮಾತುಕತೆಗೆ ಕರೆದರು. ನೆಹರೂರವರು ಹಿಂದುಮುಂದು ನೋಡುತ್ತಾ ಗೊತ್ತುಮಾಡಿದ ದಿನವನ್ನು ಮುಂದಕ್ಕೆ ಹಾಕಿದರು. ರಕ್ಷಣಾಮಂತ್ರಿಯಾದ ಕೃಷ್ಣ ಮೆನನರು ಇನ್ನು ತಡಮಾಡಬಾರದೆಂಬ ಪಕ್ಷದವರು. ಆ ದಿವಸಗಳಲ್ಲಿ ಗಡಿಯ ಗಲಭೆಗಳ ವಿಷಯವಾಗಿ ದಿನಕ್ಕೊಂದು ವರ್ತಮಾನವು ಹೊರಟಿತು. ಪರದೇಶದ ಪತ್ರಕರ್ತರಲ್ಲಿ ಅನೇಕರು ಅವುಗಳನ್ನು ನಂಬಲಿಲ್ಲ. ನನ್ನ ಮನಸ್ಸಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋವಾಗುವದು ಇಲ್ಲಿಯೇ. ಹದಿನಾಲ್ಕು ವರುಷ ಬಾಗಿಲು ತಟ್ಟಿದೆವು, ತೆರೆಯಲಿಲ್ಲ ಎಂಬ ಕಾರಣವೇ ಸಾಕಾಗಿತ್ತು. ನಿಜವಾದ ವ್ಯಾಜ್ಯವುಳ್ಳವನು ಸಾಕ್ಷಿಗಳ ಮಾತನ್ನು ಹಿಗ್ಗಿಸತೊಡಗಿದರೆ ಅವನ ನಿಜಕ್ಕೂ ಮಾಸು ಹತ್ತುತ್ತದೆ.

ಡಿಸೆಂಬರ 17ರ ರಾತ್ರಿಯಿಂದ ಸೈನ್ಯವು ಒಳಹೊಕ್ಕಿತು. 19ರ ಸಂಜೆಗೆ ಎಲ್ಲವೂ ಮುಗಿಯಿತು. ಭಾರತದವರಲ್ಲಿ 22 ಮಂದಿಯೂ ಪೋರ್ತುಗೀಸರಲ್ಲಿ ಸುಮಾರು 30 ಮಂದಿಯೂ ಸತ್ತರು. ನಮ್ಮವರಲ್ಲಿ ಏಳು ಮಂದಿ ನಾವಿಕರು ಅಂಜದೀವದಲ್ಲಿಯೇ ಬಿದ್ದರು. ಯುದ್ಧಗಳ ಲೆಕ್ಕದಲ್ಲಿ ಇದು ಅಲ್ಪವೆನ್ನುವರು. ಸತ್ತವನ ಮನೆಯಲ್ಲಿ ಲೆಕ್ಕ ಒಂದೇ. ವಿಶ್ವಸಂಸ್ಥೆಯ ಭದ್ರತಾಸಭೆಯಲ್ಲಿ ಭಾರತವು ಸೈನ್ಯವನ್ನು ಹಿಂದೆಗೆಯಬೇಕೆಂಬ ನಿರ್ಣಯಕ್ಕೆ ಏಳು ಮತಗಳು ಬಿದ್ದವು, ನಾಲ್ಕು ವಿರೋಧವಾಗಿದ್ದವು. ರಷ್ಯದ ನಿಷೇಧದಿಂದ ಅದು ಬಿದ್ದುಹೋಯಿತು. ಲೋಕಕ್ಕೆಲ್ಲಾ ಸಮಾಧಾನವನ್ನು ಬೋಧಿಸಿದವರು ಕತ್ತಿ ಹಿಡಿದರೆಂದು ಪಶ್ಚಿಮದವರು ಹಾಸ್ಯಮಾಡಿದರು. ಆ ಹಾಸ್ಯದಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ಹದಿನಾಲ್ಕು ವರುಷ ಅವರು ಪೋರ್ತುಗಲಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿದ್ದರೆ ಹಾಸ್ಯಕ್ಕೆ ಎಡೆಯೇ ಇರುತ್ತಿರಲಿಲ್ಲ.

ಈ ಎಲ್ಲಾ ಆಲೋಚನೆಗಳಲ್ಲಿ ಗೋವದ ಜನರನ್ನು ಕೂಡ್ರಿಸಿ ಕೇಳಿದವರು ಎರಡು ಪಕ್ಷದಲ್ಲಿಯೂ ಇರಲಿಲ್ಲ. 1967ರ ಜನವರಿ 16ರಲ್ಲಿ, ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇಡವೋ ಎಂದು ಅವರನ್ನು ಮೊದಲ ಸಾರಿ ಕೇಳಿದಾಗ, ಅವರು ಬೇಡವೆಂದು ಹೇಳಿ ತಮ್ಮತನವನ್ನು ಕಾಪಾಡಿಕೊಂಡರು.

ಇನ್ನೊಬ್ಬರ ವಿಷಯವನ್ನು ಹೇಳದೆ ಇರಲಾರೆ. ಗೋವದ ಕಡೇ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವರಿಗೆ ಸಾಲಜಾರನಿಂದ ಬಂದ ಅಪ್ಪಣೆಯು, ಗೆಲ್ಲಬೇಕು ಇಲ್ಲವೆ ಸಾಯಬೇಕು, ಶರಣಾಗತಿ ಕೂಡದು ಎಂಬದಾಗಿತ್ತು. ಅವರ ಬಳಿಯಲ್ಲಿದ್ದವರು ಮೂರು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಸಿಪಾಯಿಗಳು. ಎದುರಿಗೆ ಬಂದವರು ಅದಕ್ಕೆ ಅನೇಕ ಪಾಲು. ಊರನ್ನೂ ಸಿಪಾಯಿಗಳನ್ನೂ ವ್ಯರ್ಥವಾಗಿ ಕೊಲ್ಲಿಸುವದಕ್ಕೆ ಮನಸ್ಸಿಲ್ಲದೆ ಅವರು ಶರಣಾಗತಿಯ ಪತ್ರಕ್ಕೆ ಸಹಿಹಾಕಿದರು. ಸೆರೆಯಿಂದ ಬಿಡುಗಡೆಯಾಗಿ ತಮ್ಮ ದೇಶಕ್ಕೆ ಹೋದ ಮೇಲೆ ಅವರನ್ನು ಅವಮಾನಪಡಿಸಿ ಸೈನ್ಯದಿಂದ ತೆಗೆದುಹಾಕಿದರು. ಹೀಗೆ ಹತ್ತು ವರುಷಕ್ಕೂ ಹೆಚ್ಚು ಕಾಲ ಹೋಯಿತು. 1974ರಲ್ಲಿ ಪೋರ್ತುಗಲಿನಲ್ಲಿ ಆ ಆಳ್ವಿಕೆಯು ಬಿದ್ದ ಬಳಿಕ ಅವರ ಪದವಿಯನ್ನು ಹಿಂದಕ್ಕೆ ಕೊಟ್ಟರು. ಗೋವವು ಭಾರತದ್ದೆಂದು ಪೋರ್ತುಗಲು ಒಪ್ಪಿ ಸಹಿಹಾಕಿದ್ದೂ ಅದೇ ವರುಷದ ಡಿಸೆಂಬರಿನಲ್ಲಿಯೇ.